ಮೇಸ್ತ್ರಿಗೊಂದು ಪ್ರಶ್ನೆ: ವ್ಯಾನಿನ ನೆತ್ತಿಗೆ ಕಿಂಡಿ

ಈ ತಿಂಗಳು ಬಂದ ಪತ್ರಗಳ ಕಟ್ಟು ಬಿಚ್ಚಿದರೆ ಆರು ಪತ್ರ ಒಂದೇ ವಿಷಯದ್ದು. ಹಳೆಯ ವ್ಯಾನು ಕೊಂಡು, ಸೀಟು ಕಿತ್ತು, ಮಂಚ ಹಾಕಿಸಿ, ಅದನ್ನೇ ಮನೆ ಮಾಡಿಕೊಂಡು ಊರು ಸುತ್ತುವವರು ಇವರೆಲ್ಲ. ಹುಬ್ಬಳ್ಳಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ತಗಡು ಬಡಿದವನು ನಾನು. ಎಷ್ಟು ಚಾವಣಿಗೆ ಕಿಂಡಿ ಕೊರೆದೆ ಎಂದು ಎಣಿಸಿಲ್ಲ. ಸೋರಿದವು ಎಷ್ಟು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ: ಮೂರು. ಅದರಲ್ಲಿ ಒಂದರ ಕಥೆ ಕೆಳಗೆ ಬರುತ್ತದೆ.

ಪ್ರಶ್ನೆ: ಮೇಸ್ತ್ರಿಗಳೇ, ನಮ್ಮದು ಹಳೆಯ ಟೆಂಪೊ ಟ್ರಾವೆಲರ್. ಹಿಂದೆ ಮಂಚ, ಬಾಗಿಲ ಪಕ್ಕ ಪುಟ್ಟ ಅಡುಗೆ ಕಟ್ಟೆ ಮಾಡಿಸಿದ್ದೇವೆ. ಡಿಸೆಂಬರಿನಲ್ಲಿ ಕೆಮ್ಮಣ್ಣುಗುಂಡಿಗೆ ಹೋಗಿ ನಾಲ್ವರು ಅದರಲ್ಲೇ ಮಲಗಿದೆವು. ಬೆಳಗಿನ ಜಾವ ಚಾವಣಿಯಿಂದ ಮುಖಕ್ಕೆ ಹನಿ ಬಿದ್ದು ಎಚ್ಚರವಾಯಿತು. ಹೊರಗೆ ಮಳೆಯೇ ಇರಲಿಲ್ಲ! ಚಾವಣಿಗೆ ಗಾಳಿಕಿಂಡಿ ಇಡಿಸಿ ಎಂದು ಸ್ನೇಹಿತರು ಹೇಳುತ್ತಾರೆ. ನಮ್ಮ ಕಡೆಯ ಮಳೆಗೆ ಗಟ್ಟಿಮುಟ್ಟಾದ ಚಾವಣಿಯನ್ನು ತೂತು ಮಾಡುವುದು ಬುದ್ಧಿವಂತಿಕೆಯೇ? ಗ್ಯಾರೇಜಿನವರು ಗ್ಯಾಸ್ ಕಟಿಂಗಿನಲ್ಲಿ ಅರ್ಧ ಗಂಟೆಯ ಕೆಲಸ ಎನ್ನುತ್ತಿದ್ದಾರೆ. — ಓದುಗರು, ಕುಂದಾಪುರ

ಉತ್ತರ: ಮೊದಲು ಆ ಗ್ಯಾಸ್ ಕಟಿಂಗಿನವರಿಗೆ ಕೈಮುಗಿದು ವ್ಯಾನನ್ನು ಮನೆಗೆ ತನ್ನಿ. ಚಾವಣಿಯ ತಗಡು ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪದ್ದು. ಬೆಂಕಿ ತಾಗಿದರೆ ಕೆಂಡದ ಮೇಲಿಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಸುತ್ತ ಒಂದು ಗೇಣು ಬಣ್ಣ ಸುಡುತ್ತದೆ. ಒಳಗೆ ಅಂಟಿಸಿರುವ ಫೋಮಿಗೆ ಕಿಡಿ ಹತ್ತಿತೋ, ಕಿಂಡಿ ಇಡಲು ವ್ಯಾನೇ ಉಳಿಯುವುದಿಲ್ಲ.

ಇನ್ನು ನಿಮ್ಮ ಮುಖದ ಮೇಲೆ ಬಿದ್ದದ್ದು ನಿಮ್ಮದೇ ಉಸಿರು. ಇಡ್ಲಿ ಬೆಂದ ಮೇಲೆ ಪಾತ್ರೆಯ ಮುಚ್ಚಳ ಎತ್ತಿದರೆ ಒಳಮೈಯಿಂದ ನೀರು ತೊಟ್ಟಿಕ್ಕುತ್ತದಲ್ಲ, ಅದೇ ಲೆಕ್ಕ. ಮಲಗಿದ ಒಬ್ಬ ಮನುಷ್ಯ ಉಸಿರು, ಬೆವರು ಸೇರಿ ರಾತ್ರಿಯಿಡೀ ಸುಮಾರು ಕಾಲು ಲೀಟರ್ ನೀರನ್ನು ಗಾಳಿಗೆ ಬಿಡುತ್ತಾನೆ. ನಾಲ್ವರೆಂದರೆ ಒಂದು ಲೀಟರ್. ಮಲಗುವ ಮುಂಚೆ ಒಳಗೇ ಅನ್ನ ಮಾಡಿದ್ದರೆ ಅದರ ಹಬೆ ಬೇರೆ. ಜೊತೆಗೆ ಅಡುಗೆ ಅನಿಲ ಉರಿದಾಗಲೂ ನೀರಾವಿ ಹುಟ್ಟುತ್ತದೆ: 100 ಗ್ರಾಂ ಅನಿಲ ಉರಿದರೆ 150 ಗ್ರಾಮಿಗೂ ಮಿಗಿಲಾದ ನೀರು. ಸುಟ್ಟದ್ದಕ್ಕಿಂತ ಹುಟ್ಟಿದ್ದು ಹೆಚ್ಚು ಹೇಗೆ ಎಂದು ನನ್ನ ಮೊಮ್ಮಗಳು ತಕರಾರು ತೆಗೆದಳು. ಗಾಳಿಯ ಆಮ್ಲಜನಕವೂ ಅದರಲ್ಲಿ ಸೇರುತ್ತದೆ, ಅದಕ್ಕೆ. ಇಷ್ಟೂ ನೀರು ಹೊರಗಿನ ಚಳಿಗೆ ತಣ್ಣಗಾದ ತಗಡನ್ನು ಮುಟ್ಟಿ ಹನಿಯಾಗುತ್ತದೆ. ಒಂದಿಷ್ಟು ನಿಮ್ಮ ಮೇಲೆ ಬೀಳುತ್ತದೆ. ಉಳಿದದ್ದು ಕಣ್ಣಿಗೆ ಕಾಣದಂತೆ ಒಳಹೊದಿಕೆಯ ಹಿಂದೆ ಇಳಿದು ತಗಡನ್ನು ತಿನ್ನುತ್ತದೆ. ಕಿಂಡಿ ಇಲ್ಲದ ಚಾವಣಿಗೇನೂ ಆಗುವುದಿಲ್ಲ ಎಂದುಕೊಳ್ಳಬೇಡಿ. ಅದು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಕಿಂಡಿ ಬೇಕು. ಮಳೆಯ ಸೀಮೆಯವರಿಗಂತೂ ಬೇಕೇ ಬೇಕು, ಏಕೆಂದರೆ ಜೂನ್ ಕಳೆದರೆ ನೀವು ಕಿಟಕಿ ತೆರೆಯಲಾರಿರಿ.

ಮಳೆಗೆ ಹೆದರುವವರಿಗೆ ನಾನು ನಮ್ಮ ಅಜ್ಜನ ಮನೆಯ ಮಾತು ಹೇಳುತ್ತೇನೆ. ರೋಣದ ಕಡೆ ಮಣ್ಣಿನ ಮಾಳಿಗೆ ಮನೆ. ಅಡುಗೆಮನೆಯ ನೆತ್ತಿಗೆ ಒಂದು ಬೆಳಕಿಂಡಿ. ಒಲೆಯ ಹೊಗೆ ಹೋಗುವುದೂ ಅದರಲ್ಲೇ, ಬೆಳಕು ಬರುವುದೂ ಅದರಲ್ಲೇ. ಅದರ ಸುತ್ತ ಅಜ್ಜ ಗೇಣೆತ್ತರದ ಮಣ್ಣಿನ ಕಟ್ಟೆ ಕಟ್ಟಿದ್ದ. ಮೋಡ ಕವಿದರೆ ಅಜ್ಜಿ ನನ್ನನ್ನು ಏಣಿ ಹತ್ತಿಸುತ್ತಿದ್ದಳು. ನಾನು ದೊಡ್ಡ ಬೋಗುಣಿಯನ್ನು ಕಿಂಡಿಯ ಮೇಲೆ ಕವುಚಿ ಇಳಿಯುತ್ತಿದ್ದೆ. ಆ ಮಾಳಿಗೆ ಬೇರೆ ಎಲ್ಲೆಲ್ಲೋ ಸೋರಿದ್ದುಂಟು, ಕಿಂಡಿಯ ಹತ್ತಿರ ಸೋರಲಿಲ್ಲ. ಅಂಟಿರಲಿಲ್ಲ, ರಬ್ಬರಿರಲಿಲ್ಲ. ಕಟ್ಟೆ ಎತ್ತರದಲ್ಲಿತ್ತು, ಸುತ್ತ ನೀರು ನಿಲ್ಲಲು ಜಾಗವಿರಲಿಲ್ಲ.

ಇಷ್ಟು ಗೊತ್ತಿದ್ದವನೇ ನಾನು ತಪ್ಪಿದೆ. ಒಬ್ಬ ಗಿರಾಕಿ ಮೇ ತಿಂಗಳ ಕೊನೆಗೆ ವ್ಯಾನು ತಂದು ನಾಳೆಯೇ ಬೇಕು ಎಂದ. ಚಾವಣಿಯ ಉದ್ದಕ್ಕೂ ಏರುತಗ್ಗಿನ ಪಟ್ಟಿಗಳಿದ್ದವು. ಸರಿಯಾಗಿ ತಗ್ಗಿನಲ್ಲಿ ಕಿಂಡಿ ಕೂರಿಸಿದೆ. ಕಪಾಟಿನಲ್ಲಿ ಸಿಕ್ಕಿದ ಸಿಲಿಕೋನ್ ಟ್ಯೂಬನ್ನು ಸುತ್ತ ಬಳಿದೆ. ವಿನೆಗರ್ ವಾಸನೆ ಹೊಡೆಯುತ್ತದಲ್ಲ, ಆ ಜಾತಿಯದು. ಜುಲೈಯಲ್ಲಿ ಅವನು ಆಗುಂಬೆಯಿಂದ ನೇರವಾಗಿ ಶೆಡ್ಡಿಗೆ ಬಂದ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ಅದು. ಹಾಸಿಗೆಯನ್ನು ಇಬ್ಬರು ಹಿಡಿದು ಇಳಿಸಬೇಕಾಯಿತು, ಅಷ್ಟು ನೀರು ಕುಡಿದಿತ್ತು. ಸಿಲಿಕೋನಿನ ಒಂದು ತುದಿ ಹಿಡಿದು ಎಳೆದೆ. ಲಾಡಿಯಂತೆ ಪೂರ್ತಿ ಎದ್ದು ಬಂತು. ಅದರಡಿಯಲ್ಲಿ ತಗಡಿನ ಅಂಚು ಕುಂಕುಮದ ಬಣ್ಣಕ್ಕೆ ತಿರುಗಿತ್ತು. ಆ ಸಿಲಿಕೋನ್ ಒಣಗುವಾಗ ಬಿಡುವ ಆಮ್ಲ ಬರಿ ಕಬ್ಬಿಣಕ್ಕೆ ಶತ್ರು. ಇನ್ನೊಂದು ಪೀಡೆಯೆಂದರೆ, ಒಮ್ಮೆ ಸಿಲಿಕೋನ್ ಬಳಿದ ಜಾಗಕ್ಕೆ ಆಮೇಲೆ ಬೇರೆ ಅಂಟಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಎರಡು ದಿನ ಕೆರೆದು, ಉಜ್ಜಿ, ಹೊಸದಾಗಿ ಬಣ್ಣ ಹೊಡೆದು, ದುಡ್ಡು ಕೇಳದೆ ಕಳುಹಿಸಿದೆ. ಗಿರಾಕಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಿಮ್ಮ ವ್ಯಾನಿನ ವಿಷಯ. ಕಿಂಡಿ ಎಲ್ಲಿ? ಒಂದೇ ಇಡುವುದಾದರೆ ಹಿಂದೆ, ಮಂಚದ ಮೇಲ್ಭಾಗದಲ್ಲಿ. ಮುಂದಿನ ಕಿಟಕಿಯನ್ನು ಎರಡು ಬೆರಳು ಇಳಿಸಿದರೆ ಗಾಳಿ ಅಲ್ಲಿಂದ ಬಂದು ವ್ಯಾನಿನ ಉದ್ದಕ್ಕೂ ಹರಿದು ಹಿಂದಿನಿಂದ ಮೇಲೇರುತ್ತದೆ. ಮೇಲೆ ಫ್ಯಾನಿರುವ ಕಿಂಡಿ ಇಟ್ಟು ಉಳಿದದ್ದನ್ನೆಲ್ಲ ಬಿಗಿಯಾಗಿ ಮುಚ್ಚಿದರೆ ಫ್ಯಾನ್ ಸುಮ್ಮನೆ ಕಿರುಚುತ್ತದೆ, ಗಾಳಿ ಕದಲುವುದಿಲ್ಲ. ಮಳೆಯಲ್ಲಿ ಕಿಟಕಿ ಇಳಿಸುವುದು ಹೇಗೆ ಎಂದರೆ, ಕಾರಿನ ಸಾಮಾನಿನ ಅಂಗಡಿಗಳಲ್ಲಿ ಡೋರ್ ವೈಸರ್ ಸಿಗುತ್ತದೆ, ಕಿಟಕಿಯ ಮೇಲಂಚಿಗೆ ಅಂಟಿಸುವ ಪ್ಲಾಸ್ಟಿಕ್ ಸೂರು. ಅದರಡಿಯಲ್ಲಿ ಸೊಳ್ಳೆಪರದೆಯ ತುಂಡೊಂದನ್ನು ಕಟ್ಟಿಕೊಳ್ಳಿ.

ಸ್ಥಳ ಗೊತ್ತುಮಾಡುವ ಮೊದಲು ಒಂದು ಮಳೆಯಲ್ಲಿ, ಮಳೆ ಇಲ್ಲದಿದ್ದರೆ ಎರಡು ಕೊಡ ನೀರು ಸುರಿದು, ಏಣಿ ಹತ್ತಿ ನೋಡಿ. ನೀರು ಎಲ್ಲಿ ನಿಲ್ಲುತ್ತದೋ ಅಲ್ಲಿ ಬೇಡ. ಆಮೇಲೆ ಒಳಹೊದಿಕೆ ಬಿಚ್ಚಿ ಅಡ್ಡಪಟ್ಟಿಗಳನ್ನು ನೋಡಿ. ಚಾವಣಿಯನ್ನು ಹೊತ್ತಿರುವ ಪಕ್ಕೆಲುಬು ಅವು, ಅವಕ್ಕೆ ಗರಗಸ ಮುಟ್ಟಿಸುವಂತಿಲ್ಲ. ದೀಪದ ವೈರು, ಏಸಿ ಕೊಳವೆ ಇರುವುದೂ ಅಲ್ಲೇ. ಎರಡು ಪಟ್ಟಿಗಳ ನಡುವೆ ಕಿಂಡಿ ಹಿಡಿಸದಿದ್ದರೆ ಸಣ್ಣ ಕಿಂಡಿ ಕೊಳ್ಳಿ.

ಕ್ಯಾಟಲಾಗಿನ ಅಳತೆ ನಂಬಬೇಡಿ. ಕಿಂಡಿ ಕೈಗೆ ಬಂದ ಮೇಲೆ ಅದರ ಕುತ್ತಿಗೆಯ, ಅಂದರೆ ತೂತಿನೊಳಗೆ ಇಳಿಯುವ ಭಾಗದ, ಅಳತೆಗೆ ರಟ್ಟು ಕತ್ತರಿಸಿ, ಆ ರಟ್ಟನ್ನು ಚಾವಣಿಯ ಮೇಲಿಟ್ಟು ಗೆರೆ ಹಾಕಿ. ಒಳಗಿನಿಂದ ನಡುಮಧ್ಯಕ್ಕೆ ಸಣ್ಣ ತೂತು ಕೊರೆದು, ಹೊರಗೆ ಹೋಗಿ ನೋಡಿ, ಸರಿಯಿದ್ದರೆ ಮಾತ್ರ ಮುಂದಕ್ಕೆ. ನಾಲ್ಕು ಮೂಲೆಗೂ ಡ್ರಿಲ್ಲಿನಲ್ಲಿ ದುಂಡು ತೂತು ಹಾಕಿ, ಗೆರೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಲೋಹಕ್ಕೆಂದೇ ಇರುವ ಸಣ್ಣ ಹಲ್ಲಿನ ಬ್ಲೇಡು ಹಾಕಿದ ಜಿಗ್‌ಸಾದಲ್ಲಿ ನಿಧಾನವಾಗಿ ಕೊಯ್ಯಿರಿ. ಗ್ರೈಂಡರ್ ಬೇಡ. ಅದರ ಕಿಡಿ ಗಾಜಿನ ಮೇಲೆ ಕೂತರೆ ಜನ್ಮದಲ್ಲಿ ಹೋಗುವುದಿಲ್ಲ. ಕೊನೆಯ ಬದಿ ಕೊಯ್ಯುವಾಗ ಒಳಗೊಬ್ಬರು ನಿಂತು ತಗಡನ್ನು ಹಿಡಿದಿರಬೇಕು, ಇಲ್ಲದಿದ್ದರೆ ಅದು ಜೋತುಬಿದ್ದು ಅಂಚನ್ನು ಬಗ್ಗಿಸುತ್ತದೆ.

ಕೊಯ್ದ ಮೇಲೆ ಚಾವಣಿಯ ತುಂಬ ಕಬ್ಬಿಣದ ಪುಡಿ. ನಿಮ್ಮ ಕಡಲ ಗಾಳಿಗೆ ಅದು ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿದು ಬಣ್ಣದೊಳಗೆ ಇಳಿಯುತ್ತದೆ. ಒರೆಸಿದರೆ ಗೀರು ಬೀಳುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಮೇಲೆಲ್ಲ ಆಡಿಸಿ. ಪುಡಿಯೆಲ್ಲ ಚೀಲಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಚೀಲವನ್ನು ಒಳಮೈ ಹೊರಗೆ ಮಾಡಿದರಾಯಿತು.

ಕೊಯ್ದ ಅಂಚನ್ನು ಅರದಿಂದ ನಯಮಾಡಿ, ಸತುವಿನ ಪ್ರೈಮರ್ ಹಚ್ಚಿ, ಮೇಲೆ ಎರಡು ಕೈ ಬಣ್ಣ ಹೊಡೆಯಿರಿ. ಒಂದು ರಾತ್ರಿ ಒಣಗಲು ಬಿಡಿ. ಎಲ್ಲರೂ ಅವಸರಪಡುವುದು ಇಲ್ಲೇ. ಕಿಂಡಿ ಎದುರಿಗಿದೆ, ತೂತು ಬಾಯಿಬಿಟ್ಟಿದೆ, ಮನಸ್ಸು ತಡೆಯುವುದಿಲ್ಲ. ಟಾರ್ಪಾಲು ಹೊದಿಸಿ ಮನೆಗೆ ಹೋಗಿ ಊಟ ಮಾಡಿ.

ಏರುತಗ್ಗಿನ ಚಾವಣಿಯಾದರೆ ತಗ್ಗನ್ನು ತುಂಬಿ ಮಟ್ಟಮಾಡುವ ಚೌಕಟ್ಟು ಬೇಕು. ಬಸ್ಸಿನ ಫೈಬರ್ ಕೆಲಸ ಮಾಡುವವರು ನಿಮ್ಮ ಚಾವಣಿಯ ಅಚ್ಚು ತೆಗೆದು ಒಂದು ಇಂಚು ಎತ್ತರದ ಚೌಕಟ್ಟು ಮಾಡಿಕೊಡುತ್ತಾರೆ. ಅಜ್ಜನ ಮಣ್ಣಿನ ಕಟ್ಟೆ ಎಂದರೆ ಇದೇ. ಕಿಂಡಿಯ ಅಂಚಿನಡಿ ಬ್ಯುಟೈಲ್ ಟೇಪ್ ಹಾಸಿ. ಚೂಯಿಂಗ್ ಗಮ್ಮಿನಂತೆ ಸದಾ ಮೆತ್ತಗಿರುವ ಈ ಪಟ್ಟಿ ವ್ಯಾನು ಕುಲುಕಿದರೂ ಬಿಟ್ಟುಕೊಡುವುದಿಲ್ಲ. ಒಳಗಿನಿಂದ ಪ್ಲೈವುಡ್ಡಿನ ಚೌಕಟ್ಟು ಕೊಟ್ಟು, ಸ್ಟೇನ್‌ಲೆಸ್ ಸ್ಕ್ರೂಗಳನ್ನು ಚಕ್ರದ ನಟ್ಟು ಬಿಗಿಯುವಂತೆ ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಟೇಪು ಸುತ್ತಲೂ ಸಮನಾಗಿ ಹೊರಗೆ ಉಬ್ಬಿದರೆ ಸಾಕು, ಪೂರ್ತಿ ಹಿಂಡಿಬಿಡಬಾರದು. ಕೊನೆಗೆ ಅಂಚಿಗೂ ಸ್ಕ್ರೂಗಳ ತಲೆಗೂ ಪಾಲಿಯುರೆಥೇನ್ ಸೀಲಂಟ್. ಇದು ಗಾಳಿಯ ತೇವವನ್ನು ಹೀರಿಯೇ ಗಟ್ಟಿಯಾಗುತ್ತದೆ, ಹಾಗಾಗಿ ಕುಂದಾಪುರದ ಹವೆ ಒಂದು ಕೆಲಸಕ್ಕಾದರೂ ಅನುಕೂಲ. ಆದರೂ ದಿನಕ್ಕೆ ಮೂರು ಮಿಲಿಮೀಟರಿನಷ್ಟೇ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ, ಮರುದಿನವೇ ಘಾಟಿ ಹತ್ತಿಸಬೇಡಿ.

ಮುಚ್ಚಳದ ಕೀಲು ವ್ಯಾನಿನ ಮುಂದಿನ ಬದಿಗೆ ಬರಲಿ. ತೆರೆದೇ ಹೊರಟರೂ ಎದುರುಗಾಳಿ ಮುಚ್ಚಳವನ್ನು ಕೆಳಕ್ಕೆ ಒತ್ತುತ್ತದೆ. ಹಿಂದೆ ಕೀಲಿಟ್ಟರೆ ಕೊಡೆ ಉಲ್ಟಾ ಆದಂತೆ ಕಿತ್ತು ಹೋಗುತ್ತದೆ. ಮತ್ತು ಈ ಕೆಲಸವನ್ನು ಜನವರಿಯಲ್ಲಿ ಮಾಡಿಸಿ, ಮೇ ಕೊನೆಗಲ್ಲ.

ಪ್ರಶ್ನೆ: ನಮ್ಮ ಯಜಮಾನರು ಚಾವಣಿಗೆ ಫ್ಯಾನಿರುವ ಕಿಂಡಿ ಹಾಕಿಸಿದ್ದಾರೆ. ಅದು ಓಡುತ್ತಿರುವುದರಿಂದ ಚಳಿಗೆ ವ್ಯಾನಿನೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗಿದರೂ ಅಪಾಯವಿಲ್ಲ, ಸಿಲಿಂಡರ್ ಸೋರಿದರೂ ಮೇಲಿನಿಂದ ಹೋಗುತ್ತದೆ ಎನ್ನುತ್ತಾರೆ. ನನಗೆ ಧೈರ್ಯ ಸಾಲದು. ಹೆಸರು ಹಾಕಬೇಡಿ, ಅವರೂ ಈ ಅಂಕಣ ಓದುತ್ತಾರೆ. — ಓದುಗರು, ಶಿರಸಿ

ಉತ್ತರ: ತಾಯಿ, ಅವರು ಓದಲೆಂದೇ ಬರೆಯುತ್ತಿದ್ದೇನೆ. ಎರಡೂ ಮಾತು ತಪ್ಪು. ಇದ್ದಿಲು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ನಡುರಾತ್ರಿ ಬ್ಯಾಟರಿ ಇಳಿದು ಫ್ಯಾನ್ ನಿಂತರೆ? ಕೆಂಡವಿರುವ ಯಾವುದನ್ನೂ ಒಳಗಿಟ್ಟು ಮಲಗಬಾರದು, ಕಿಂಡಿ ಒಂದಿರಲಿ ಹತ್ತಿರಲಿ. ಒಳಗೆ ಅಡುಗೆ ಮಾಡುವವರು ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಹಾಕಿಸಿಕೊಳ್ಳಲೇಬೇಕು.

ಇನ್ನು ಸಿಲಿಂಡರ್. ಅಡುಗೆ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲಕ್ಕೆ ಏರುವುದಿಲ್ಲ, ನೀರಿನಂತೆ ನೆಲಕ್ಕೆ ಇಳಿದು ಮಂಚದ ಕೆಳಗೆ ನಿಲ್ಲುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ, ವ್ಯಾನಿನ ನೆಲದ ಮೂಲಕ ಹೊರಕ್ಕೆ ಹೋಗುವ ಜಾಲರಿ ಹಾಕಿದ ತೂತು ಇರಬೇಕು. ಅದನ್ನು ಮಣ್ಣು ಕಟ್ಟಿಲ್ಲವೇ ಎಂದು ಆಗಾಗ ನೋಡಬೇಕು. ಯಜಮಾನರೇ, ನೆತ್ತಿಗೆ ಕಿಂಡಿ ಹಾಕಿಸಿದ ಹಾಗೆ ಪಾದಕ್ಕೂ ಒಂದು ಹಾಕಿಸಿ. ಅಗ್ಗಿಷ್ಟಿಕೆ ಹೊರಗೆ ಇರಲಿ, ಅದರ ಸುತ್ತ ಕೂತು ಮೆಣಸಿನ ಕಷಾಯ ಕುಡಿದು, ಎರಡು ಕಂಬಳಿ ಹೊದ್ದು ಮಲಗಿ.

ಪ್ರಶ್ನೆ: ಕಿಂಡಿ ಇರುವುದು ವ್ಯಾನಿನ ಹಿಂಭಾಗದಲ್ಲಿ. ಆದರೆ ಘಾಟಿ ಇಳಿಯುವಾಗ ಬ್ರೇಕು ಹಾಕಿದರೆ ಚಾಲಕನ ಕತ್ತಿಗೆ ನೀರು ಬೀಳುತ್ತದೆ. ಕಿಂಡಿಯ ಸುತ್ತ ಮೂರು ಸಲ ಸೀಲಂಟ್ ಬಳಿಸಿದ್ದಾಯಿತು. — ಓದುಗರು, ಚಿಕ್ಕಮಗಳೂರು

ಉತ್ತರ: ನೀರು ಬೀಳುವ ಜಾಗ ಬೇರೆ, ನುಗ್ಗುವ ಜಾಗ ಬೇರೆ. ಒಳಹೊದಿಕೆಯ ಮೇಲೆ ಎಲ್ಲೋ ನೀರು ನಿಂತಿದೆ. ಬ್ರೇಕು ಹಾಕಿದಾಗ ಮುಂದಕ್ಕೆ ಓಡಿ ಬರುತ್ತಿದೆ. ನಾಲ್ಕನೇ ಸಲ ಸೀಲಂಟ್ ಬಳಿಯಬೇಡಿ. ಹೊದಿಕೆ ಬಿಚ್ಚಿ, ಒಳಮೈ ಒಣಗಿಸಿ, ಕಿಂಡಿ, ಏಸಿ ಪೆಟ್ಟಿಗೆ, ಲಗೇಜ್ ಕ್ಯಾರಿಯರಿನ ಬೋಲ್ಟು, ಮೇಲಿನ ದೀಪ ಇವೆಲ್ಲದರ ಸುತ್ತ ಒಳಗಡೆ ಸೀಮೆಸುಣ್ಣ ಉಜ್ಜಿ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಪೈಪು ಹಿಡಿದು ಚಾವಣಿಯ ತಗ್ಗಿನ ಕಡೆಯಿಂದ ಶುರುಮಾಡಿ, ಒಂದೊಂದು ಜಾಗಕ್ಕೂ ಹತ್ತು ನಿಮಿಷ ನೀರು ಬಿಟ್ಟು ಮೇಲಕ್ಕೆ ಬರಲಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲ ಕಡೆ ಹರಿದು ಏನೂ ತಿಳಿಯುವುದಿಲ್ಲ. ಸುಣ್ಣದಲ್ಲಿ ಗೆರೆ ಮೂಡಿದ ಕಡೆ ಕಳ್ಳ ಸಿಕ್ಕಿದ. ನನ್ನ ಅನುಮಾನ ಕ್ಯಾರಿಯರಿನ ಬೋಲ್ಟುಗಳ ಮೇಲೆ. ಕಿಂಡಿ ಬಂದ ಮೇಲೆ ಹಳೆಯ ತೂತುಗಳ ಪಾಪವೆಲ್ಲ ಅದರ ತಲೆಗೇ ಬರುತ್ತದೆ.

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ. ದಾವಣಗೆರೆಯಲ್ಲಿ ನನ್ನ ತಮ್ಮ ವ್ಯಾನು ಕಟ್ಟಿಸುತ್ತಿದ್ದಾನೆ. ಇಲ್ಲಿ ಸಿಗುವ ಮ್ಯಾಕ್ಸ್‌ಏರ್ ಎಂಬ ಹೆಸರಿನ, ಫ್ಯಾನಿರುವ ಚಾವಣಿ ಕಿಂಡಿಯೊಂದನ್ನು ಸೂಟ್‌ಕೇಸಿನಲ್ಲಿ ತರಬಹುದೇ? ಅವನು ಯಾವುದೋ ವಿಡಿಯೋ ನೋಡಿ ಆಗಲೇ 400 ಮಿಲಿಮೀಟರಿನ ಚೌಕ ಕೊಯ್ಯಿಸಿಬಿಟ್ಟಿದ್ದಾನಂತೆ. — ಓದುಗರು, ನ್ಯೂಜೆರ್ಸಿ

ಉತ್ತರ: ವಿದ್ಯುತ್ತಿನ ತೊಂದರೆಯಿಲ್ಲ. ಅದು 12 ವೋಲ್ಟಿನದು, ಇಲ್ಲಿನ ವ್ಯಾನಿನ ಬ್ಯಾಟರಿಯೂ ಅಷ್ಟೇ. (ದೊಡ್ಡ ಬಸ್ಸಾದರೆ 24 ವೋಲ್ಟ್, ಆಗ ನೇರವಾಗಿ ಕೊಡುವಂತಿಲ್ಲ.) ತೊಂದರೆ ತೂತಿನದು. ಅಮೆರಿಕದ ಕಿಂಡಿಗೆ 14 ಇಂಚಿನ ಚೌಕ ಬೇಕು, ಅಂದರೆ 356 ಮಿಲಿಮೀಟರ್. ತಮ್ಮ ಕೊಯ್ಯಿಸಿರುವುದು ಯುರೋಪಿನ ಅಳತೆ. ಸುತ್ತ ಇಪ್ಪತ್ತೆರಡು ಮಿಲಿಮೀಟರ್ ಖಾಲಿ, ಸ್ಕ್ರೂ ಕಚ್ಚಲು ತಗಡೇ ಇರುವುದಿಲ್ಲ. ಯುರೋಪಿನ ಅಳತೆಯ ಕಿಂಡಿ ಕೊಳ್ಳಿ, ಇಲ್ಲವೇ ನಡುವೆ ಫೈಬರ್ ಚೌಕಟ್ಟು ಮಾಡಿಸಿ. ಫ್ಯಾನಿನ ವೈರಿಗೆ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಲು ಹೇಳಿ. ತಮ್ಮನಿಗೆ ಗರಗಸವನ್ನು ನೀವು ಬರುವವರೆಗೆ ಕಪಾಟಿನಲ್ಲಿಡಲೂ ಹೇಳಿ.

ಪ್ರಶ್ನೆ: ಇದಕ್ಕೆಲ್ಲ ಆರ್‌ಟಿಒ ಅನುಮತಿ ಬೇಕೇ? — ಓದುಗರು, ಬೆಳಗಾವಿ

ಉತ್ತರ: ಕೊಯ್ಯುವ ಮೊದಲೇ ಕೇಳಿದ್ದೀರಿ, ಸಂತೋಷ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಬಿಗಿಯಾಗಿ ಹೇಳಿತು. ಸೀಟು ಕಿತ್ತು ಮಂಚ ಹಾಕುವುದು ಕಿಂಡಿಗಿಂತ ದೊಡ್ಡ ಬದಲಾವಣೆ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಎಂಬ ವರ್ಗ ಕಾನೂನಿನಲ್ಲೇ ಇದೆ; ಮೋಟಾರ್ ಕ್ಯಾರವಾನುಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಆರ್‌ಸಿ ಹಿಡಿದುಕೊಂಡು ಕಚೇರಿಗೆ ಹೋಗಿ, ಏನು ಮಾಡಿಸುತ್ತೀರೆಂದು ಬರೆದು ಕೊಟ್ಟು, ಅವರ ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ವಿಮೆಯವರಿಗೂ ತಿಳಿಸಿ.

ಪ್ರಶ್ನೆ: ನಮ್ಮ ಕಿಂಡಿಯ ಪಾರದರ್ಶಕ ಮುಚ್ಚಳವನ್ನು ಜೋಗದ ಹತ್ತಿರ ಮಂಗಗಳು ಕುಣಿದು ಸೀಳಿಬಿಟ್ಟವು. ಏನು ಮಾಡಲಿ? — ಓದುಗರು, ಸಾಗರ

ಉತ್ತರ: ನಿಮ್ಮದು ಅಕ್ರಿಲಿಕ್ ಇದ್ದಿರಬೇಕು, ಬಿಸಿಲಿಗೆ ಹಳತಾದ ಮೇಲೆ ಬಿರುಸಾಗಿ ಒಡೆಯುತ್ತದೆ. ಈ ಸಲ ಬಿಸಿಲು ತಡೆಯುವ ಲೇಪವಿರುವ ಪಾಲಿಕಾರ್ಬೊನೇಟ್ ಮುಚ್ಚಳ ಹಾಕಿಸಿ, ಕೆಳಗೆ ಸ್ಟೀಲ್ ಜಾಲರಿ ಕೊಡಿ. ನಮ್ಮದೊಂದು ವ್ಯಾನಿಗೆ ಹಾಗೇ ಮಾಡಿದ್ದೆ. ಮುಚ್ಚಳಕ್ಕೆ ಏನೂ ಆಗಲಿಲ್ಲ. ಆದರೆ ಅದನ್ನು ಅರ್ಧ ತೆರೆದಿಟ್ಟು ಚಹಾ ಕುಡಿಯಲು ಹೋಗಿದ್ದಾಗ ಒಂದು ಮರಿಮಂಗ ಜಾಲರಿಯ ಮೂಲೆಯ ಸಂದಿಯಲ್ಲಿ ಕೈ ಇಳಿಬಿಟ್ಟು ಕೆಳಗೆ ತೂಗುಹಾಕಿದ್ದ ಬಾಳೆಗೊನೆಯಿಂದ ನಾಲ್ಕು ಹಣ್ಣು ಕಿತ್ತುಕೊಂಡು ಹೋಗಿತ್ತು. ಗೊನೆಯನ್ನು ಅಲ್ಲಿ ಕಟ್ಟಿದವನು ನಾನೇ.